ಮರಜರೀಗಿಡವೂ ಮಠದ ಬಾವಿಯೂ



ನಮ್ಮ ಪ್ರಸಾದನಿಲಯದಲ್ಲಿದ್ದು ವಿದ್ಯಾಭ್ಯಾಸ ಮಾಡಿ, ಈಗ ಆಸ್ಟ್ರೇಲಿಯಾ ದೇಶದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ಜಾತ್ರೆಯ ಸಮಯದಲ್ಲಿ ನಮಗೊಂದು ಭಾವಚಿತ್ರವನ್ನು ಕಳಿಸಿದರು. ಅವರ ಪುಟ್ಟ ಮಗಳು ಒಂದು ಗಿಡದ ಬುಡದಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದಾಳೆ. ಕಂಬದಂತೆ ನೆಟ್ಟಗೆ ಏರಿದ ಕಾಂಡ. ಅದರ ಮೈಮೇಲೆಲ್ಲ ಉದುರಿದ ಗರಿಗಳು ಬಿಟ್ಟುಹೋದ ತತ್ತಿಯಾಕಾರದ ಗುರುತುಗಳು. ನೆತ್ತಿಯಲ್ಲಿ ಬಿಚ್ಚಿದ ಛತ್ರಿಯಂತೆ ಹರಡಿಕೊಂಡ ಗರಿಗಳ ಸಮೂಹ. ಜೊತೆಗೆ ಅವರು ಬರೆದಿದ್ದರು: “ಅಪ್ಪಾರ, ಇದು ಯಾವ ಜಾತಿಯ ತೆಂಗು? ಮಗಳು ಕೇಳತಾಳ. ಇಂಥದೊಂದು ಸಸಿ ತರಿಸಿ ನಮ್ಮ ಮಠದಾಗ ಹಚ್ಚಬೇಕಂತ ನನ್ನ ಮನಸಿನ್ಯಾಗ ಐತಿ.”

ಅದು ತೆಂಗಲ್ಲ, ಈಚಲಲ್ಲ, ಅಡಿಕೆಯೂ ಅಲ್ಲ. ಅದು ಮರದಷ್ಟು ಬೆಳೆದ ಜರೀಗಿಡ ಎಂದು ಉತ್ತರ ಬರೆದೆವು. ಉತ್ತರವನ್ನು ಬರೆದು ಮುಗಿಸಿದ ಮೇಲೂ ಆ ಚಿತ್ರ ಮಾತ್ರ ನಮ್ಮನ್ನು ಬಿಡಲಿಲ್ಲ. ಮೂರು ದಶಕಗಳ ಹಿಂದೆ ನಾವು ಎಸಗಿದ ತಪ್ಪೊಂದು ಅದರ ಹಿಂದೆಯೇ ಎದ್ದುಬಂದಿತು. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದಕ್ಕೂ, ಮಠಕ್ಕೆ ಸಂಬಂಧಿಸಿದ ಇಂದಿನ ಪ್ರಶ್ನೆಯೊಂದನ್ನು ನಿಮ್ಮೆದುರಿಗೆ ಇಡುವುದಕ್ಕೂ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಆ ಗಿಡದ ವಿಚಾರ. ಚಿತ್ರ ತೆಗೆದ ಸ್ಥಳ ನಾರ್ಫೋಕ್ ಎಂಬ ದ್ವೀಪ. ಆಸ್ಟ್ರೇಲಿಯಾದಿಂದ ಪೂರ್ವಕ್ಕೆ ಸುಮಾರು 1,400 ಕಿಲೋಮೀಟರು ದೂರದಲ್ಲಿ, ಶಾಂತಸಾಗರದ ನಡುವೆ ಅದು ಒಂಟಿಯಾಗಿ ನಿಂತಿದೆ. ವಿಸ್ತೀರ್ಣವೆಂದರೆ ಸುಮಾರು 35 ಚದರ ಕಿಲೋಮೀಟರು ಮಾತ್ರ. ನಮ್ಮ ಕಡೆಯ ಎರಡು ಮೂರು ದೊಡ್ಡ ಹಳ್ಳಿಗಳ ಹೊಲಗಳನ್ನು ಕೂಡಿಸಿದರೆ ಅಷ್ಟಾದೀತು. ಅತಿಯಾದ ಸೆಖೆಯೂ ಇಲ್ಲದ, ಅತಿಯಾದ ಚಳಿಯೂ ಇಲ್ಲದ, ಸದಾ ಕಡಲಗಾಳಿಯ ತೇವವನ್ನು ಉಂಡಿರುವ ನೆಲ ಅದು. ಆ ದ್ವೀಪವನ್ನು ಬಿಟ್ಟು ಬೇರೆಲ್ಲಿಯೂ ತಾನಾಗಿ ಹುಟ್ಟದ ಈ ಮರಜರೀಗಿಡಕ್ಕೆ ಶಾಸ್ತ್ರಜ್ಞರು ಸಯಾಥಿಯ ಬ್ರೌನಿಯೈ ಎಂದು ಹೆಸರಿಟ್ಟಿದ್ದಾರೆ. ಇದು 20 ಮೀಟರನ್ನೂ ಮೀರಿ ಬೆಳೆಯಬಲ್ಲುದು. ಜಗತ್ತಿನ ಅತ್ಯಂತ ಎತ್ತರದ ಜರೀಗಿಡಗಳ ಸಾಲಿನಲ್ಲಿ ಇದರ ಸ್ಥಾನವಿದೆ. ಹೆಸರಿನಲ್ಲಿರುವ ಬ್ರೌನ್ ಎಂದರೆ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳು ಎಡೆಬಿಡದೆ ಮಿಡಿಯುತ್ತಿರುವುದನ್ನು 1827ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡವರು ಅವರೇ. ‘ಬ್ರೌನನ ಚಲನೆ’ಯನ್ನು ವಿಜ್ಞಾನದ ವಿದ್ಯಾರ್ಥಿಗಳೆಲ್ಲ ಓದಿರುತ್ತೀರಿ.

ಆಂಗ್ಲ ನಾವಿಕ ಜೇಮ್ಸ್ ಕುಕ್ ಆ ದ್ವೀಪವನ್ನು ಕಂಡದ್ದು 1774ರಲ್ಲಿ. 1788ರಲ್ಲಿ ಆಂಗ್ಲರು ಅಲ್ಲಿ ಕೈದಿಗಳನ್ನಿಳಿಸಿ ವಸತಿ ಹೂಡಿದರು. 1825ರಿಂದ 1855ರವರೆಗೆ ಮತ್ತೆ ಅದು ಕಠೋರ ಸೆರೆಮನೆಯಾಯಿತು. ಬೆಳೆಗೆಂದೂ ದನದ ಮೇವಿಗೆಂದೂ ಕಾಡನ್ನು ಕಡಿದರು. ಹೊರಗಿನಿಂದ ಬಂದ ಪೇರಲದ ಜಾತಿಯ ಗಿಡವೂ ಕಾಡು ಆಲಿವ್ ಮರವೂ ಉಳಿದ ಕಾಡಿನೊಳಕ್ಕೆ ನುಗ್ಗಿದವು. ಇಂದು ದ್ವೀಪದ ಎತ್ತರದ ಗುಡ್ಡಗಳ ಮೇಲೆ ಉಳಿದಿರುವ ಕಾಡನ್ನು ರಾಷ್ಟ್ರೀಯ ಉದ್ಯಾನವಾಗಿ ಕಾಪಾಡುತ್ತ, ಆ ಪರಕೀಯ ಗಿಡಗಳನ್ನು ಕಿತ್ತು ತೆಗೆಯುತ್ತಿದ್ದಾರೆ. ಮರಜರೀಗಿಡವನ್ನು ಉಳಿಸುವುದೆಂದರೆ ಅದರ ಸುತ್ತಲಿನ ನೆರಳನ್ನೂ ತೇವವನ್ನೂ ಉಳಿಸುವುದು ಎಂಬುದು ಅವರಿಗೆ ಗೊತ್ತಾಗಿದೆ. ಈ ಮಾತು ನಮಗೆ ಗೊತ್ತಾದುದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ.

ಜರೀಗಿಡಕ್ಕೆ ನೆರಳಿನ ಹಂಗು ಏಕೆ? ಅದಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಗರಿಯನ್ನು ಮಗುಚಿ ನೋಡಿದರೆ ಬೆನ್ನಮೇಲೆ ಕಂದುಬಣ್ಣದ ಚುಕ್ಕೆಗಳ ಸಾಲು ಕಾಣುತ್ತದೆ. ಬೆರಳಿನಿಂದ ಒರೆಸಿದರೆ ಹಿಟ್ಟಿನಂಥ ಪುಡಿ ಅಂಟುತ್ತದೆ. ಅದೇ ಬೀಜಾಣು. ಒಂದೊಂದು ಗಿಡ ಕೋಟಿಗಟ್ಟಲೆ ಬೀಜಾಣುಗಳನ್ನು ಗಾಳಿಗೆ ಒಪ್ಪಿಸುತ್ತದೆ. ಆದರೆ ಬೀಜಾಣು ನೆಲಕ್ಕೆ ಬಿದ್ದೊಡನೆ ಜರೀಗಿಡ ಹುಟ್ಟುವುದಿಲ್ಲ. ಮೊದಲು ಹುಟ್ಟುವುದು ಉಗುರಿಗಿಂತಲೂ ಚಿಕ್ಕದಾದ, ಅರಳಿಯೆಲೆಯ ಆಕಾರದ ಒಂದು ತೆಳುವಾದ ಹಸಿರು ಹಾಳೆ. ಅದು ಅಂಗಾತ ನೆಲಕ್ಕೆ ಅಂಟಿಕೊಂಡಿರುತ್ತದೆ. ಅದರ ಅಡಿಯಲ್ಲಿ ಗಂಡುಕಣವೂ ಹೆಣ್ಣುಕಣವೂ ಬೇರೆಬೇರೆಯಾಗಿ ಮೂಡುತ್ತವೆ. ಗಂಡುಕಣ ಹೆಣ್ಣುಕಣವನ್ನು ಸೇರಬೇಕಾದರೆ ಈಜಿಕೊಂಡೇ ಹೋಗಬೇಕು. ಅದಕ್ಕೆ ನೀರಿನ ತೆಳ್ಳನೆಯ ಪೊರೆಯೊಂದು ಬೇಕೇಬೇಕು. ಆ ಪೊರೆ ಅಷ್ಟು ಹೊತ್ತು ಒಣಗದೆ ಉಳಿದರೆ ಮಾತ್ರ ಮುಂದೆ ಜರೀಗಿಡ. ಒಣಗಿದರೆ ಅಲ್ಲಿಗೆ ಆ ವಂಶ ಮುಗಿಯಿತು. ಇಪ್ಪತ್ತು ಮೀಟರಿನ ಆ ಗಿಡದ ಬಾಳು ಒಂದು ಹನಿಯ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ.

ಹೂವಿಲ್ಲದ ಸಸ್ಯಗಳ ಈ ಎರಡು ಹುಟ್ಟುಗಳ ಕ್ರಮವನ್ನು 1851ರಲ್ಲಿ ಸಮಗ್ರವಾಗಿ ತಿಳಿಯಪಡಿಸಿದವರು ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್. ಅವರು ವಿಶ್ವವಿದ್ಯಾಲಯದಲ್ಲಿ ಕಲಿತವರಲ್ಲ. ಲೈಪ್‌ಜಿಗ್ ನಗರದಲ್ಲಿ ತಂದೆಯ ಪುಸ್ತಕ ಮತ್ತು ಸಂಗೀತಪತ್ರಗಳ ವ್ಯಾಪಾರ ನೋಡಿಕೊಳ್ಳುತ್ತ, ಉಳಿದ ವೇಳೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ತಾವಾಗಿಯೇ ಕಲಿತರು. ಮುಂದೆ 1863ರಲ್ಲಿ ಅವರನ್ನು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಪ್ರಾಧ್ಯಾಪಕರನ್ನಾಗಿ ಕರೆಯಿತು. ಕಾಯಕದ ನಡುವೆಯೇ ಜ್ಞಾನವನ್ನು ಸಂಪಾದಿಸಿದ ಇಂಥವರ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ಇನ್ನು ಮರಜರೀಗಿಡದ ಕಾಂಡ. ಬೇವಿನಂತೆ, ಹುಣಸೆಯಂತೆ ಅದು ವರ್ಷವರ್ಷಕ್ಕೂ ದಪ್ಪವಾಗುವ ಮರವಲ್ಲ. ಅದರೊಳಗೆ ಕಟ್ಟಿಗೆಯ ಉಂಗುರಗಳಿಲ್ಲ. ಕಾಂಡದಿಂದಲೇ ಹೊರಟ ಸಣ್ಣ ಸಣ್ಣ ಬೇರುಗಳು ಬುಡದ ಸುತ್ತ ಕರಿಯ ಕಂಬಳಿಯಂತೆ ಹೆಣೆದುಕೊಂಡು ಅದನ್ನು ಎತ್ತಿ ಹಿಡಿದಿರುತ್ತವೆ. ಬೆಳೆಯುವ ಮೊಗ್ಗು ಸಾಮಾನ್ಯವಾಗಿ ನೆತ್ತಿಯಲ್ಲಿ ಒಂದೇ. ಅಲ್ಲಿ ಎಳೆಯ ಗರಿಗಳು ಸುರುಳಿ ಸುತ್ತಿಕೊಂಡು ಹುಟ್ಟಿ, ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಆ ನೆತ್ತಿಯನ್ನು ಕಡಿದರೆ ಗಿಡ ಸತ್ತಂತೆಯೇ. ಬೇರಿನ ಕಂಬಳಿಯ ಮೇಲೆ ಆರ್ಕಿಡ್ ಹೂಗಿಡಗಳು ಚೆನ್ನಾಗಿ ಹಬ್ಬುತ್ತವೆಂದು ಅನೇಕ ದೇಶಗಳಲ್ಲಿ ಕಾಡಿನ ಮರಜರೀಗಿಡಗಳನ್ನು ಕಡಿದು, ಹಲಗೆ ಕೊಯ್ದು ಮಾರಿದರು. ಆದಕಾರಣ ಈ ಸಸ್ಯಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಲಾಗಿದೆ.

ಇಷ್ಟನ್ನೂ ನಾವು ಪುಸ್ತಕದಲ್ಲಿ ಓದಿದ್ದೆವು. ಸಂಸ್ಕೃತ ಪಾಠಶಾಲೆಯ ಅಭ್ಯಾಸ ಮುಗಿಸಿ, ಹಿರಿಯ ಪೂಜ್ಯರ ಅಪ್ಪಣೆಯಂತೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ಕಾಲ ಅದು. 1992ರ ಡಿಸೆಂಬರಿನಲ್ಲಿ ಸಹಪಾಠಿಗಳೊಡನೆ ಶೃಂಗೇರಿ, ಕುದುರೆಮುಖಗಳ ಸೀಮೆಗೆ ಅಧ್ಯಯನ ಪ್ರವಾಸ ಹೊರಟೆವು. ಎರೆಹೊಲದ ಬಯಲಿನಲ್ಲಿ ಬೆಳೆದ ನಮಗೆ ಆ ಕಾಡು ಬೇರೊಂದು ಲೋಕವೇ ಆಗಿತ್ತು. ನಮ್ಮ ಗದಗ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು; ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಒಂದೇ ರಾಜ್ಯ, ಒಂದೇ ನುಡಿ. ಆಕಾಶ ಮಾತ್ರ ಬೇರೆ.

ಒಂದು ತೊರೆಯ ಅಂಚಿನಲ್ಲಿ ಮೊದಲ ಸಲ ಅದನ್ನು ಕಂಡೆವು. ಅದು ನಮ್ಮ ನಾಡಿನದೇ ಮರಜರೀಗಿಡ, ಸಯಾಥಿಯ ಜೈಗ್ಯಾಂಟಿಯ. ನಾರ್ಫೋಕ್ ದ್ವೀಪದ ಗಿಡದ ದಾಯಾದಿ ಎನ್ನಬಹುದು. ಆದರೆ ಅಷ್ಟು ಎತ್ತರದ್ದಲ್ಲ. ಪಶ್ಚಿಮಘಟ್ಟ, ಶ್ರೀಲಂಕಾ, ಈಶಾನ್ಯ ಭಾರತಗಳಿಂದ ಹಿಡಿದು ಆಗ್ನೇಯ ಏಷ್ಯಾದವರೆಗೂ ಹಬ್ಬಿರುವ ಜಾತಿಯಿದು. ನಾವು ಕಂಡದ್ದು ಎರಡಾಳೆತ್ತರವಿತ್ತು. ಗರಿಯ ದಂಟುಗಳು ಹೊಳೆಯುವ ಕಪ್ಪುಬಣ್ಣ. ಗರಿಗಳ ಸಂದಿನಿಂದ ಸೋಸಿ ಬಂದ ಬೆಳಕು ನೀರಿನ ಮೇಲೆ ಹಸಿರಾಗಿ ಬೀಳುತ್ತಿತ್ತು. ಬಂಡೆಗಳೆಲ್ಲ ಪಾಚಿಯಿಂದ ತೊಯ್ದಿದ್ದವು. ನಮ್ಮ ಗುಂಪಿನಲ್ಲಿ ಯಾರೂ ಕೆಲಹೊತ್ತು ಮಾತಾಡಲಿಲ್ಲ.

ಅಲ್ಲಿಯೇ ಬಂಡೆಯ ಸಂದಿಯಲ್ಲಿ ಮೊಳಕಾಲೆತ್ತರದ ಒಂದು ಮರಿಗಿಡವಿತ್ತು. ಮರುದಿನ ಬೆಳಗಿನ ಜಾವ ನಾವೊಬ್ಬರೇ ಹೋಗಿ, ಯಾರಿಗೂ ಹೇಳದೆ, ಅದನ್ನು ಮಣ್ಣುಸಹಿತ ಅಗೆದು ತೆಗೆದೆವು. ತೊಯ್ದ ಗೋಣಿಚೀಲದಲ್ಲಿ ಸುತ್ತಿ, ಹಾಸಿಗೆಯ ಗಂಟಿನಲ್ಲಿ ಬಚ್ಚಿಟ್ಟುಕೊಂಡು ಬಂದೆವು. ಕಾಡಿನ ಗಿಡವನ್ನು ಕೀಳಬಾರದೆಂದು ಅಧ್ಯಾಪಕರು ಹೊರಡುವ ಮೊದಲೇ ಎಚ್ಚರಿಸಿದ್ದರು. ಆದ್ದರಿಂದ ಅರಿಯದೆ ಮಾಡಿದ ತಪ್ಪೆಂದು ಹೇಳಿಕೊಳ್ಳಲು ನಮಗೆ ಅವಕಾಶವಿಲ್ಲ. ಗುರುಗಳಿಗೆ ಕಾಣಿಕೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ನಿಜಸಂಗತಿ ಬೇರೆಯೇ ಇತ್ತು. ಜಾತ್ರೆಗೆ ನೆರೆಯುವ ಜನ ಆ ಗಿಡವನ್ನು ನೋಡಿ, ‘ಇದನ್ನು ತಂದವರು ಯಾರು?’ ಎಂದು ಕೇಳಲಿ ಎಂಬ ಆಸೆ ಒಳಗೆ ಕುಳಿತಿತ್ತು.

ಧಾರವಾಡದಿಂದ ಗದಗಕ್ಕೆ, ಅಲ್ಲಿಂದ ಗಜೇಂದ್ರಗಡಕ್ಕೆ, ಅಲ್ಲಿಂದ ಪುರ್ತಗೇರಿಗೆ ಮೋಟಾರಿನಲ್ಲಿ ಗೋಣಿಚೀಲ ಹೊತ್ತು ಬಂದೆವು. ಆಗ ನಮ್ಮದು ಧಾರವಾಡ ಜಿಲ್ಲೆಯ ರೋಣ ತಾಲೂಕು; ಗದಗ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಮಠದ ಹಿತ್ತಿಲಲ್ಲಿ ಕಲ್ಲಿನಿಂದ ಕಟ್ಟಿದ ಮೆಟ್ಟಿಲಬಾವಿಯಿದೆಯಷ್ಟೆ. ಅದರ ಪಕ್ಕದಲ್ಲಿ ಗುಂಡಿ ತೆಗೆದು, ಎಲೆಗೊಬ್ಬರ ತುಂಬಿ, ಗಿಡವನ್ನು ನೆಟ್ಟೆವು. ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿಸಿದೆವು. ಅತಿಥಿಗೆ ಶುದ್ಧವಾದ ನೀರು ಬೇಕೆಂದು ನಾಲ್ಕು ಜನ ಹುಡುಗರನ್ನು ಬಾವಿಗಿಳಿಸಿ, ಗೋಡೆಯ ಕಲ್ಲುಸಂದಿಗಳಲ್ಲಿ ಬೆಳೆದಿದ್ದ ಹಸಿರನ್ನೆಲ್ಲ ಸಲಿಕೆಯಿಂದ ಕೆರೆಸಿಹಾಕಿದೆವು. ಅದನ್ನು ಕಸವೆಂದು ತಿಳಿದಿದ್ದೆವು. ಸಸ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯ ಜ್ಞಾನ ಅಷ್ಟರಮಟ್ಟಿಗಿತ್ತು.

ದಿನಕ್ಕೆರಡು ಸಲ ನೀರು ಹಾಕಿಸಿದೆವು. ಜನವರಿಯಲ್ಲಿ ಒಂದು ಸುರುಳಿ ಬಿಚ್ಚಿತು. ನಮ್ಮ ಸಂತೋಷಕ್ಕೆ ಮೇರೆಯಿರಲಿಲ್ಲ. ಆದರೆ ಆ ಗರಿ ಗೇಣುದ್ದ ಬೆಳೆದು ನಿಂತುಬಿಟ್ಟಿತು. ಶಿವರಾತ್ರಿ ಕಳೆದು ಬಯಲುಗಾಳಿ ಬೀಸತೊಡಗಿದೊಡನೆ ಗರಿಗಳ ಅಂಚು ಕಂದಿತು. ಮೂರು ದಿನಗಳಲ್ಲಿ ಕೈಯಲ್ಲಿ ಹಿಡಿದರೆ ಹಪ್ಪಳದಂತೆ ಪುಡಿಯಾಯಿತು. ಬುಡದಲ್ಲಿ ನೀರು ನಿಂತಿತ್ತು, ಗಿಡ ಬಾಯಾರಿ ಸತ್ತಿತ್ತು. ಅದು ಬೇರಿನಿಂದ ಮಾತ್ರ ನೀರುಂಡು ಬದುಕುವ ಗಿಡವಲ್ಲ. ಸುತ್ತಲಿನ ಗಾಳಿಯೂ ತೊಯ್ದಿರಬೇಕೆಂಬುದನ್ನು ನಾವು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆದಿದ್ದೆವು, ಹಿತ್ತಿಲಲ್ಲಿ ಮರೆತಿದ್ದೆವು.

ಹಿರಿಯ ಪೂಜ್ಯರು ಒಂದು ಸಂಜೆ ಕೋಲೂರಿಕೊಂಡು ಅಲ್ಲಿಗೆ ಬಂದರು. ಒಣಗಿದ ಗಿಡವನ್ನು ಬಹಳ ಹೊತ್ತು ನೋಡಿದರು.

“ಮರಿದೇವ್ರ, ಇದು ಹುಟ್ಟಿದ್ದು ಎಲ್ಲಿ?”

“ಘಟ್ಟದಾಗ, ಬುದ್ಧಿ. ಹಳ್ಳದ ದಂಡಿಮ್ಯಾಲ.”

“ಹಳ್ಳಾ ತಂದೀರೇನು?”

ನಾವು ಸುಮ್ಮನಿದ್ದೆವು.

“ಹಳ್ಳಾ ಬಿಟ್ಟು ಗಿಡಾ ಒಂದ ಯಾಕ ತಂದ್ರಿ?”

ಅಷ್ಟೇ ಹೇಳಿ ಅವರು ಒಳಗೆ ನಡೆದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿತ್ತೋ ಇಲ್ಲವೋ.

ಆ ವರ್ಷ ಮುಂಗಾರು ಒಳ್ಳೆಯದಾಯಿತು. ಶ್ರಾವಣದಲ್ಲಿ ಒಂದು ದಿನ ಪೂಜ್ಯರು ನಮ್ಮನ್ನು ಕರೆದು ಬಾವಿಯ ಕಡೆ ಕೈತೋರಿಸಿದರು. ನಾವು ಕೆರೆಸಿಹಾಕಿದ್ದ ಗೋಡೆಯ ಸಂದಿಗಳಲ್ಲಿ, ನೀರಿಗೆ ಸಮೀಪದ ಕಲ್ಲುಗಳಲ್ಲಿ, ಬೆರಳುದ್ದದ ಹೊಸ ಹಸಿರು ಮೂಡಿತ್ತು. ಇಳಿದು ನೋಡಿದೆವು. ಕೂದಲೆಳೆಯಂಥ ಹೊಳೆಯುವ ಕಪ್ಪು ದಂಟು, ಬೀಸಣಿಗೆಯಂಥ ಪುಟ್ಟ ಎಲೆಗಳು. ಅದು ಜರೀಗಿಡವೇ, ವೈದ್ಯಗ್ರಂಥಗಳಲ್ಲಿ ಹಂಸಪಾದಿಯೆಂದು ಹೆಸರಾದ ಅಡಿಯಾಂಟಮ್ ಕುಲದ್ದು. ಕುದುರೆಮುಖದ ತೊರೆಯಲ್ಲಿ ಬೆರಗಾಗಿ ನೋಡಿದ ಅದೇ ಕಪ್ಪು ದಂಟು, ಅದೇ ಸುರುಳಿ, ಎಲೆಯ ಬೆನ್ನಮೇಲೆ ಅದೇ ಕಂದುಪುಡಿ, ನಮ್ಮ ಬಾವಿಯೊಳಗೆ ಗೇಣುದ್ದವಾಗಿ ನಿಂತಿತ್ತು. ಅದನ್ನು ಯಾರೂ ಗೋಣಿಚೀಲದಲ್ಲಿ ತಂದಿರಲಿಲ್ಲ. ಯಾರೂ ಚಪ್ಪರ ಹಾಕಿಸಿರಲಿಲ್ಲ. ಗಾಳಿಯಲ್ಲಿ ಬಂದ ಒಂದು ಕಣಕ್ಕೆ ಬಾವಿಯ ನೆರಳು, ಕಲ್ಲಿನ ತಂಪು, ಒಂದು ಹನಿ ನೀರು ಸಿಕ್ಕಿದ್ದವು, ಅಷ್ಟೇ ಸಾಕಾಗಿತ್ತು.

ಆ ಮೇಲೆ ನಮ್ಮ ಕಣ್ಣು ತೆರೆಯಿತು. ಗಜೇಂದ್ರಗಡದ ಗುಡ್ಡದ ಬಂಡೆಗಳ ಬಿರುಕಿನಲ್ಲಿ ಮಯೂರಶಿಖೆಯನ್ನು ಕಂಡೆವು. ಅಂಗೈಯಗಲದ ತಾಳೆಮರದಂತೆ ಕಾಣುವ ಈ ಜರೀಗಿಡ ಬೇಸಗೆಯಲ್ಲಿ ಸುರುಟಿಕೊಂಡು ಸತ್ತಂತೆ ಬಿದ್ದಿದ್ದು, ಮಳೆ ಬಿದ್ದ ಮೇಲೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಮಲೆನಾಡಿನ ಜರೀಗಿಡ ಬರವನ್ನು ತಾಳಲಾರದು. ಬಯಲುನಾಡಿನ ಜರೀಗಿಡ ಬರವನ್ನು ದಾಟುವುದನ್ನು ಕಲಿತಿದೆ. ಒಂದೊಂದಕ್ಕೆ ಒಂದೊಂದು ನೆಲೆ. ಒಂದನ್ನು ಮೆಚ್ಚುವುದಕ್ಕಾಗಿ ಇನ್ನೊಂದನ್ನು ಕಸವೆನ್ನಬೇಕಾಗಿಲ್ಲ.

ದೂರದ ಮಲೆನಾಡಿನ ತೊರೆ ನಮಗೆ ಸಂಬಂಧವಿಲ್ಲದ್ದೆಂದು ತಿಳಿಯುವುದೂ ತಪ್ಪು. ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ತುಂಗೆಯೂ ಭದ್ರೆಯೂ ಹುಟ್ಟುತ್ತವೆ; ಕೂಡಲಿಯಲ್ಲಿ ಕೂಡಿ ತುಂಗಭದ್ರೆಯಾಗಿ ನಮ್ಮ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ಹರಿಯುತ್ತವೆ. ಗದಗ-ಬೆಟಗೇರಿಯ ಜನ ಕುಡಿಯುವುದು ಆ ನೀರನ್ನೇ. ಮರಜರೀಗಿಡ ನಿಂತಿರುವ ತೊರೆಯಲ್ಲಿ ಬೇಸಗೆಗೂ ತೇವವಿದೆ ಎಂದರೆ ಮೇಲಿನ ಕಾಡು ಮಳೆಯ ನೀರನ್ನು ಹಿಡಿದು ಮೆಲ್ಲಮೆಲ್ಲನೆ ಬಿಡುತ್ತಿದೆ ಎಂದರ್ಥ. ಕಾಡು ಬಯಲಾದರೆ ಮೊದಲು ಸಾಯುವುದು ಅಲ್ಲಿನ ಜರೀಗಿಡ. ಆಮೇಲೆ ಒಣಗುವುದು ಇಲ್ಲಿನ ಕೊಡ. ಆ ಸೀಮೆಯ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿಗನುಸಾರವಾಗಿ 2005ರ ಕೊನೆಗೆ ನಿಂತಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನ 2012ರಲ್ಲಿ ಪಶ್ಚಿಮಘಟ್ಟದ ಇತರ ತಾಣಗಳೊಂದಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಂಥ ನೆಲದಿಂದ ಒಂದು ಮರಿಯನ್ನು ಕದ್ದು ತಂದವರು ನಾವು ಎಂಬ ನೆನಪು ಇಂದಿಗೂ ತಲೆ ತಗ್ಗಿಸುವಂತೆ ಮಾಡುತ್ತದೆ.

ಈಗ ಮಠದ ಪ್ರಶ್ನೆಗೆ ಬರುತ್ತೇವೆ. ಕೊಳವೆಬಾವಿ ಕೊರೆಸಿದ ಮೇಲೆ ನಮ್ಮ ಮೆಟ್ಟಿಲಬಾವಿಯ ನೀರನ್ನು ಯಾರೂ ಸೇದುವುದಿಲ್ಲ. ಹೊಸ ದಾಸೋಹಭವನಕ್ಕೆ ಭಕ್ತರು ಉದಾರವಾಗಿ ಕಾಣಿಕೆ ಕೊಟ್ಟಿದ್ದೀರಿ. ಅಡಿಗೆಮನೆ ಹಿತ್ತಿಲಿನ ಕಡೆಗೆ ಬರಬೇಕಾದ್ದರಿಂದ ಬಾವಿಯನ್ನು ಮಣ್ಣು ಹಾಕಿ ಮುಚ್ಚುವುದೆಂದು ಕಟ್ಟಡದ ಸಮಿತಿಯವರು ಹೇಳಿದರು. ಅದರ ದಂಡೆ ಕುಸಿದಿದೆ, ಎರಡು ವರ್ಷದ ಹಿಂದೆ ಕರುವೊಂದು ಒಳಗೆ ಬಿದ್ದಿತ್ತು, ಪ್ರಸಾದನಿಲಯದ ಚಿಕ್ಕಮಕ್ಕಳು ಅಲ್ಲಿಯೇ ಆಡುತ್ತಾರೆ ಎಂಬ ಅವರ ಮಾತೆಲ್ಲ ನಿಜ. ನಾವು ಸಮ್ಮತಿಸಿ ನಕ್ಷೆಗೆ ಸಹಿಯನ್ನೂ ಹಾಕಿದ್ದೆವು. ಆ ವಾರವೇ ಆಸ್ಟ್ರೇಲಿಯಾದಿಂದ ಆ ಚಿತ್ರ ಬಂದಿತು.

ಮರುದಿನ ಪೂಜೆ ಮುಗಿಸಿಕೊಂಡು, ಹುಡುಗನೊಬ್ಬನ ಹೆಗಲು ಹಿಡಿದು ಬಾವಿಗಿಳಿದೆವು. ಇಳಿಯದೆ ಹತ್ತು ವರ್ಷಗಳೇ ಆಗಿದ್ದವು. ತಳದಲ್ಲಿ ಮೊಳಕಾಲಮಟ್ಟದ ನೀರಿತ್ತು. ಮೇಲಿನ ಕಲ್ಲುಗಳೆಲ್ಲ ಒಣಗಿದ್ದವು. ಕೆಳಗಿನ ನಾಲ್ಕೈದು ಸಾಲುಗಳಲ್ಲಿ ಮಾತ್ರ ಹಂಸಪಾದಿ ಇನ್ನೂ ಹಸಿರಾಗಿ ತೂಗುತ್ತಿತ್ತು. ಹೊರಗೆ ಏಪ್ರಿಲಿನ ಬಿಸಿಲು ಉರಿಯುತ್ತಿತ್ತು. ಒಳಗೆ ಮಲೆನಾಡಿನ ಒಂದು ಮೂಲೆಯಷ್ಟು ತಂಪಿತ್ತು. ಹಳ್ಳ ತಂದೀರೇನು ಎಂದು ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ನಮ್ಮ ಹಿತ್ತಿಲಲ್ಲಿಯೇ ಇತ್ತು. ಅದಕ್ಕೆ ಮಣ್ಣು ಹಾಕಲು ನಾವೇ ಸಹಿ ಮಾಡಿದ್ದೆವು.

ಆದ್ದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟು. ಅಡಿಗೆಮನೆಯನ್ನು ಹತ್ತು ಮಾರು ಪೂರ್ವಕ್ಕೆ ಸರಿಸಿದರೆ ಬಾವಿ ಉಳಿಯುತ್ತದೆ. ಕುಸಿದ ದಂಡೆಯನ್ನು ಎದೆಯೆತ್ತರ ಕಟ್ಟಿಸಿ, ಮೆಟ್ಟಿಲಿಗೆ ಬಾಗಿಲು, ಮೇಲೆ ಕಬ್ಬಿಣದ ಜಾಲರಿ ಹಾಕಿಸಿದರೆ ಮಕ್ಕಳಿಗೂ ದನಗಳಿಗೂ ಭಯವಿರದು. ದಾಸೋಹಭವನದ ಮಾಳಿಗೆಯ ಮೇಲೆ ಬೀಳುವ ಮಳೆಯ ನೀರನ್ನು ಸೋಸಿ ಬಾವಿಗೇ ಇಳಿಸಬಹುದು. ಇದಕ್ಕೆ ಹೆಚ್ಚಿನ ವೆಚ್ಚ ತಗಲುತ್ತದೆ. ಭವನ ಒಂದು ವರ್ಷ ತಡವಾಗಲೂಬಹುದು. ಕಾಣಿಕೆ ನಿಮ್ಮದಾದ ಕಾರಣ, ಒಂದು ಜರೀಗಿಡಕ್ಕಾಗಿ ಅನ್ನದಾಸೋಹವನ್ನು ತಡಮಾಡುವುದೇ ಎಂದು ಕೇಳುವ ಹಕ್ಕೂ ನಿಮ್ಮದೇ. ನಮ್ಮ ಸಹಿಯನ್ನು ನಾವು ಹಿಂದಕ್ಕೆ ತೆಗೆದುಕೊಂಡಿದ್ದೇವೆ; ಆದರೆ ನಿರ್ಣಯವನ್ನು ನಮ್ಮೊಬ್ಬರ ಮಾತಿಗೆ ಬಿಟ್ಟಿಲ್ಲ. ಶ್ರಾವಣದ ಮೊದಲನೆಯ ಸೋಮವಾರ ಪುರ್ತಗೇರಿಯಲ್ಲಿ ಭಕ್ತರ ಸಭೆ ಸೇರುವುದು. ಬರಲಾಗದವರು ತಮ್ಮ ಅಭಿಪ್ರಾಯವನ್ನು ಬರೆದು ತಿಳಿಸಬೇಕು. ಬಂದವರು ಸಭೆಗೆ ಕೂಡ್ರುವ ಮೊದಲು ಒಮ್ಮೆ ಬಾವಿಗೆ ಇಳಿದು ನೋಡಬೇಕು.

ಆಸ್ಟ್ರೇಲಿಯಾದ ಭಕ್ತರಿಗೆ ಸಸಿ ತರಿಸುವುದು ಬೇಡವೆಂದು ಬರೆದೆವು. ಏಕೆ ಬೇಡವೆಂಬುದನ್ನೂ, ಮೇಲೆ ಹೇಳಿದ ನಮ್ಮ ತಪ್ಪಿನೊಡನೆ, ಮುಚ್ಚುಮರೆಯಿಲ್ಲದೆ ಬರೆದೆವು. ಅವರ ಮಗಳಿಗೆ ಬಾವಿಯ ಗೋಡೆಯ ಚಿತ್ರವೊಂದನ್ನು ತೆಗೆಸಿ ಕಳಿಸಿದೆವು. ‘ನಿಮ್ಮ ಗಿಡ ಇಷ್ಟು ಸಣ್ಣದೇಕೆ? ಬರುವ ವರ್ಷ ಊರಿಗೆ ಬಂದಾಗ ನನಗೆ ತೋರಿಸಬೇಕು’ ಎಂದು ಆಕೆ ಉತ್ತರ ಕಳಿಸಿದ್ದಾಳೆ. ತೋರಿಸುತ್ತೇವೆಂದು ಇನ್ನೂ ಮಾತು ಕೊಟ್ಟಿಲ್ಲ. ನಿಮ್ಮ ಪತ್ರಗಳು ಬಂದ ಮೇಲೆ ಆ ಮಗುವಿಗೆ ಬರೆಯುತ್ತೇವೆ.